ಗಡಿಕಲ್ಲು ಕಿತ್ತುಬಂದ ದಿನ

ಎರಡೂ ಊರಿನವರು ಅವಳನ್ನು ಟ್ರ್ಯಾಕ್ಟರ್ ಅಕ್ಕ ಎಂದೇ ಕರೆಯುತ್ತಿದ್ದರು. ಗಂಡ ಕಾಲು ಮುರಿದುಕೊಂಡು ಮೂಲೆ ಹಿಡಿದ ವರ್ಷ, ಜನ ನಗುವುದನ್ನು ಲೆಕ್ಕಿಸದೆ ಸ್ಟಿಯರಿಂಗ್ ಹಿಡಿದವಳು. ಹುಟ್ಟಿದ್ದು ದಿಬ್ಬದ ಆಚೆಯ ಊರಲ್ಲಿ, ಸೇರಿದ್ದು ಈಚೆಯ ಊರಿಗೆ. ಎರಡಕ್ಕೂ ನಡುವೆ ರಾಜರ ಕಾಲದ, ಕಿರೀಟ ಕೆತ್ತಿದ ಗಡಿಕಲ್ಲು. ಕಲ್ಲಿನಾಚೆಗಿದ್ದ ಬಾವಿಯ ಮೇಲೆ ಈಚೆಯವರಿಗೆ ಮೊದಲಿನಿಂದಲೂ ಕಣ್ಣು.

ಆ ಬೆಳಿಗ್ಗೆ ಮೈದುನನ ಹೊಲ ಉಳುವಾಗ, ಕಳೆಯೊಳಗೆ ಮುಚ್ಚಿಹೋಗಿದ್ದ ಆ ಕಲ್ಲಿಗೆ ನೇಗಿಲು ಸಿಕ್ಕಿಕೊಂಡಿತು. ಬ್ರೇಕ್ ಒತ್ತುವಷ್ಟರಲ್ಲಿ ಕಲ್ಲು ಬುಡಸಮೇತ ಕಿತ್ತುಬಂದು ನೇಗಿಲಿನ ಜೊತೆ ದೂರ ಸಾಗಿತ್ತು. ಗುಂಡಿ ಸಡಿಲ ಮಣ್ಣಿನಲ್ಲಿ ಮಾಯವಾಗಿತ್ತು.

ಊಟದ ಹೊತ್ತಿಗೆ ಈ ಬದಿ ಮೈದುನ, ಆ ಬದಿ ಅವಳ ಒಡಹುಟ್ಟಿದ ಅಣ್ಣ. ಇಬ್ಬರ ಹಿಂದೆಯೂ ಹಾರೆ, ಗುದ್ದಲಿ ಹಿಡಿದ ಜನ.

“ಕಲ್ಲು ಇದ್ದದ್ದು ಬಾವಿಯ ಆಚೆ,” ಎಂದ ಮೈದುನ. “ಹೇಳಿ ಅತ್ತಿಗೆ ಇವರಿಗೆ.”

“ನಮ್ಮ ಬಾವಿ ನುಂಗೋಕೆ ನನ್ನ ತಂಗಿ ಕೈಲೇ ಕಲ್ಲು ಕೀಳಿಸಿದೀಯಾ?” ಅಣ್ಣ ಗುದ್ದಲಿ ಎತ್ತಿಕೊಂಡು ಮುಂದೆ ಬಂದ. ಯಾರೋ ಎಸೆದ ಮಣ್ಣಹೆಂಟೆ ಟ್ರ್ಯಾಕ್ಟರಿನ ದೀಪಕ್ಕೆ ಬಡಿದು ಗಾಜು ಉದುರಿತು.

ನಿಜ ಹೇಳಿದರೆ ಗಂಡನ ಮನೆಯವರು ಮುಖ ತಿರುಗಿಸುತ್ತಾರೆ, ಸುಳ್ಳು ಹೇಳಿದರೆ ತವರು ಮುಗಿದಂತೆ. ಆದರೂ ಅವಳು ಟ್ರ್ಯಾಕ್ಟರಿನಿಂದ ಕೆಳಗಿಳಿದು, ಇಬ್ಬರ ನಡುವೆ ಹಾದು, ಬಾವಿಯ ಈಚೆಗೆ ಒಂದು ಕಡೆ ನಿಂತಳು.

“ಇಲ್ಲಿತ್ತು. ಗಡಿಕಲ್ಲಿನ ಕೆಳಗೆ ಹಿಂದಿನವರು ಇದ್ದಿಲು ಹೂಳ್ತಿದ್ರು ಅಂತ ಅಪ್ಪ ಹೇಳ್ತಿದ್ರು, ಕಲ್ಲು ಹೋದ್ರೂ ಜಾಗ ಗೊತ್ತಾಗ್ಲಿ ಅಂತ. ಅಗೆದು ನೋಡಿ.”

“ಸಿಗದಿದ್ರೆ?” ಮೈದುನ ಹಲ್ಲು ಕಡಿದ.

“ಆಗ ನನ್ನನ್ನ ಏನು ಬೇಕಾದ್ರೂ ಅನ್ನು. ಅಲ್ಲೀವರೆಗೆ ಗುದ್ದಲಿ ಮಣ್ಣಿಗೆ ಹಾಕಿ, ತಲೆಗಲ್ಲ.”

ಯಾರೂ ಮುಂದೆ ಬರಲಿಲ್ಲ. ಅಣ್ಣನ ಕೈಯ ಗುದ್ದಲಿ ಕಿತ್ತುಕೊಂಡು ಅವಳೇ ಅಗೆದಳು. ಮೊಣಕಾಲಷ್ಟು ಆಳ ಅಗೆದರೂ ಬರೀ ಕೆಂಪು ಮಣ್ಣು. ಗುಂಪಿನಲ್ಲಿ ಗುಸುಗುಸು ಎದ್ದಿತು, ಒಬ್ಬ ನಕ್ಕೇಬಿಟ್ಟ. ಸ್ವಲ್ಪ ಪಕ್ಕಕ್ಕೆ ಸರಿದು ಮತ್ತೆ ಗುದ್ದಲಿ ಹಾಕಿದಳು. ಮಣ್ಣು ಕಪ್ಪಾಗಿ ಮೇಲೆದ್ದಿತು.

ಒಂದು ಹಿಡಿ ಇದ್ದಿಲನ್ನು ಮೈದುನನ ಅಂಗೈಗೆ ಹಾಕಿದಳು. ಅವನು ಬೆರಳಲ್ಲಿ ಉಜ್ಜಿ ನೋಡಿದ. ಪಕ್ಕಕ್ಕೆ ಸರಿದು ನಿಂತ.

ಕಲ್ಲಿಗೆ ಸರಪಳಿ ಕಟ್ಟಿ, ಅವಳ ಟ್ರ್ಯಾಕ್ಟರಿನಿಂದಲೇ ಎಳೆತಂದು ಅಲ್ಲೇ ನೆಟ್ಟರು. ಅಣ್ಣ ತಲೆ ತಗ್ಗಿಸಿ ಗುದ್ದಲಿ ತೆಗೆದುಕೊಂಡು ಹೋದ. ಮೈದುನ ಮಾತ್ರ ಎರಡು ಬೆಳೆ ಮುಗಿಯುವ ತನಕ ಉಳುಮೆಗೆ ಬೇರೆಯವರನ್ನು ಕರೆಸಿದ, ದಾರಿಯಲ್ಲಿ ಎದುರಾದರೆ ಮುಖ ಆಚೆ ಮಾಡಿದ. ಅವಳಿಗೆ ಸಂಕಟವಾಗುತ್ತಿತ್ತು, ಆದರೆ ಹೇಳಿದ ಮಾತಿಗೆ ಪಶ್ಚಾತ್ತಾಪ ಪಡಲಿಲ್ಲ.

ಅದರ ಮುಂದಿನ ಬಿತ್ತನೆಗೆ ಅವನೇ ಬಂದು ಹೊಸಿಲಲ್ಲಿ ನಿಂತು ಗಂಟಲು ಸರಿಮಾಡಿಕೊಂಡ.

“ನಾಳೆ ಗಾಡಿ ಬಿಡುವಿದ್ಯಾ ಅತ್ತಿಗೆ?”

“ಇದೆ,” ಎಂದಳು. “ಹೊರಗ್ಯಾಕೆ ನಿಂತೆ, ಒಳಗೆ ಬಾ.”