ದಿಬ್ಬಣಕ್ಕೆ ಕಾಯದ ಕುಂಬಿಯಾ

ತೀರ್ಥಹಳ್ಳಿಯ ಆರತಕ್ಷತೆಯಲ್ಲಿ ಮಂಜಣ್ಣ ತಾಳ ತಪ್ಪಿದರು ಎಂದು ಎಲ್ಲರೂ ಹೇಳುತ್ತಾರೆ. ಆನಂದಪುರದ ಹೋಟೆಲಿನಲ್ಲಿ ಹೇಳುತ್ತಾರೆ, ಸಾಗರದ ಬಸ್‌ಸ್ಟ್ಯಾಂಡಿನಲ್ಲಿ ಹೇಳುತ್ತಾರೆ, ಆ ಮದುವೆಗೆ ಹೋಗದೇ ಇದ್ದವರು ಇನ್ನೂ ವಿವರವಾಗಿ ಹೇಳುತ್ತಾರೆ. ಎಲ್ಲರೂ ಒಂದೇ ಮಾತು ಹೇಳಿದರೆ ನನಗೆ ತಕ್ಷಣ ಅನುಮಾನ. ಕಾಲೇಜಿನ ಚರ್ಚಾಸ್ಪರ್ಧೆಗಳಿಂದ ನನಗೆ ದಕ್ಕಿದ್ದು ಒಂದಿಷ್ಟು ಸ್ಟೀಲ್ ಲೋಟ ಮತ್ತು ಈ ಚಟ. ಚೀಟಿಯಲ್ಲಿ ‘ಪರ’ ಬಂದರೆ ಪರ, ‘ವಿರೋಧ’ ಬಂದರೆ ವಿರೋಧ. ನಿನ್ನ ಮನಸ್ಸಿನಲ್ಲಿ ಏನಿದೆ ಎಂದು ತೀರ್ಪುಗಾರರು ಕೇಳುತ್ತಿರಲಿಲ್ಲ, ಹಾಗಾಗಿ ನಾನೂ ಕೇಳಿಕೊಂಡವಳಲ್ಲ. ಈಗ ಕೇಳಿಕೊಳ್ಳಬೇಕಾಗಿ ಬಂದಿದೆ, ಉತ್ತರ ಬರುತ್ತಿಲ್ಲ.

ಮಂಜಣ್ಣ ನಮ್ಮ ಎದುರುಮನೆಯವರು. ಸಾಗರ ಸೀಮೆಯ ಮದುವೆ ದಿಬ್ಬಣಗಳ ಮುಂದೆ ಕೆಂಪು ಕೋಟು ತೊಟ್ಟು ಟ್ರಂಪೆಟ್ ಊದುತ್ತ ನಡೆದವರು. ಬ್ಯಾಂಡ್ ಸೆಟ್ಟಿನಲ್ಲಿ ಉಳಿದವರೆಲ್ಲ ತನ್ನ ಸದ್ದಿನ ನೆರಳಿನಲ್ಲಿ ನಡೆದವರು ಎಂಬುದು ಅವರ ಗಟ್ಟಿ ನಂಬಿಕೆ. ಡಿಜೆಗಳು ಬಂದ ಮೇಲೆ ಬ್ಯಾಂಡಿನವರನ್ನು ಕರೆಯುವವರಿಲ್ಲದೆ ಟ್ರಂಪೆಟ್ಟು ಗೋಡೆಯ ಮೊಳೆ ಸೇರಿತ್ತು. ಆ ಡಿಜೆಗಳಲ್ಲಿ ಒಬ್ಬ ಅವರ ಮಗ ರಘು, ನನ್ನ ಸಹಪಾಠಿ. ಅಪ್ಪನ ಕೆಲಸವನ್ನು ಮಗನೇ ಕಿತ್ತುಕೊಂಡ ಎಂಬ ಮಾತು ಆ ಮನೆಯಲ್ಲಿ ಪ್ರತಿ ಊಟಕ್ಕೂ ಉಪ್ಪಿನಕಾಯಿಯ ಹಾಗೆ ಬೀಳುತ್ತಿತ್ತು.

ಹೀಗಿರುವಾಗ ರಘು ಕೊಲಂಬಿಯಾ ದೇಶದ ಕುಂಬಿಯಾ ಎಂಬ ಹಳೆಯ ಕುಣಿತದ ಸಂಗೀತವನ್ನು ಫೋನಿನಲ್ಲಿ ಹಿಡಿದ. ಅಲ್ಲಿನ ಹುಡುಗರು ಅದರ ಕೆಳಗೆ ಎಲೆಕ್ಟ್ರಾನಿಕ್ ಬೀಟು ಹಾಸಿ ಕುಣಿಸುತ್ತಾರಂತೆ. ಇವನೂ ಹಾಸಿದ. ಆ ಹಾಡುಗಳಲ್ಲಿ ಎಡೆಬಿಡದೆ ಟ್ರಂಪೆಟ್ಟು. ಕೇಳಿದ್ದೇ ಅಪ್ಪನನ್ನು ಪಕ್ಕದಲ್ಲಿ ನಿಲ್ಲಿಸಿಕೊಳ್ಳಬೇಕು ಎಂಬ ಆಸೆ ಹುಟ್ಟಿತು. ಇಷ್ಟು ವರ್ಷದ ಉಪ್ಪಿನಕಾಯಿಗೆ ಅದೊಂದೇ ಮದ್ದು ಎಂದೂ ಅನಿಸಿರಬೇಕು.

ಮಂಜಣ್ಣ ಕಣ್ಣು ಮುಚ್ಚಿ ಕೇಳಿದರು. “ಎಂತ ಮಾರಾಯ ಇದು, ಕುದುರೆ ಕುಂಟಿದ ಹಾಗಿದೆ” ಎಂದರು. ಇನ್ನೊಮ್ಮೆ ಹಾಕಿಸಿ ಕೇಳಿ, “ಚಂದಾಗಿ ಕುಂಟ್ತದೆ” ಎಂದರು. ಕುಂಬಿಯಾದ ಬಗ್ಗೆ ನಾನು ಆಮೇಲೆ ಓದಿದ್ದರಲ್ಲೆಲ್ಲೂ ಇದಕ್ಕಿಂತ ಒಳ್ಳೆಯ ವಿಮರ್ಶೆ ಸಿಗಲಿಲ್ಲ.

ನಾನು ಅಭ್ಯಾಸಬಲದಿಂದ ಆಕ್ಷೇಪ ಎತ್ತಿದೆ. ಯಾರದ್ದೋ ಊರಿನ ಸಂಪ್ರದಾಯವನ್ನು ಕತ್ತರಿಸಿ ಹೊಲಿಯಲು ನಮಗೇನು ಹಕ್ಕು ಎಂದೆ. “ಹೌದಾ? ಟ್ರಂಪೆಟ್ ಏನು ಕೆಳದಿ ಅರಸ್ರು ಮಾಡ್ಸಿದ್ದಾ?” ಎಂದ ರಘು. ಮನೆಗೆ ಹೋಗಿ ಓದಿದೆ. ಕುಂಬಿಯಾದ ಡೋಲು ಆಫ್ರಿಕಾದಿಂದ ಗುಲಾಮರಾಗಿ ಬಂದವರದು, ಕೊಳಲು ಅಲ್ಲಿನ ಮೂಲನಿವಾಸಿಗಳದು, ಮಾತು ಸ್ಪ್ಯಾನಿಷ್. ಆಮೇಲೆ ಬಂದು ಸೇರಿದ ಅಕಾರ್ಡಿಯನ್ ಯುರೋಪಿನದು, ನಮ್ಮ ಭಜನೆಯ ಹಾರ್ಮೋನಿಯಮ್ಮಿನ ದಾಯಾದಿ. ಶುದ್ಧವಾದದ್ದನ್ನು ಕಾಪಾಡಲು ಹೊರಟ ನನಗೆ ಶುದ್ಧವಾದದ್ದೇ ಸಿಗಲಿಲ್ಲ. ಹಾಗಾದರೆ ಬೆರೆಸುವುದೆಲ್ಲ ಸರಿಯೇ? ಹಾಲಿಗೆ ನೀರು ಹಾಕುವವರೂ ಅದನ್ನೇ ಹೇಳುತ್ತಾರಲ್ಲ. ಅಲ್ಲಿಗೆ ಒಂದು ಗೊಂದಲ ಎರಡಾಯಿತು.

ಮನೆಯಲ್ಲಿ ಅಭ್ಯಾಸ ಚೆನ್ನಾಗಿಯೇ ನಡೆಯಿತು. ಎಡವಟ್ಟಾದದ್ದು ತೀರ್ಥಹಳ್ಳಿಯಲ್ಲಿ. ಅದನ್ನು ತಿಳಿಯಲು ದಿಬ್ಬಣದ ಬ್ಯಾಂಡಿನವರ ಒಂದು ರೂಢಿ ಗೊತ್ತಿರಬೇಕು. ಅವರು ಮುಂದೆ ನಡೆದರೂ ಕಣ್ಣು ಹಿಂದಿನವರ ಕಾಲಿನ ಮೇಲೆ. ಹೆಂಗಸರು ಹಿಂದೆ ಬಿದ್ದರೆ ಹಾಡನ್ನು ಎಳೆಯುತ್ತಾರೆ, ಮಳೆಹನಿ ಬಿದ್ದರೆ ಓಡಿಸುತ್ತಾರೆ, ಆರತಿ ತಟ್ಟೆ ತಡವಾದರೆ ಒಂದೇ ಸ್ವರ ಹಿಡಿದು ನಿಲ್ಲುತ್ತಾರೆ. ತೀರ್ಥಹಳ್ಳಿಯಲ್ಲಿ ಮದುಮಕ್ಕಳು ಬಾಗಿಲಿಂದ ವೇದಿಕೆಗೆ ಬರುವಾಗ ವರನ ಅಜ್ಜಿಯೂ ಜೊತೆಗಿದ್ದರು. ನಡುದಾರಿಯಲ್ಲಿ ಅವರಿಗೆ ಏದುಸಿರು ಬಂತು. ಸೊಂಟದ ಮೇಲೆ ಕೈಯಿಟ್ಟು ನಿಂತರು. ಮಂಜಣ್ಣ ಸ್ವರ ಹಿಡಿದು ನಿಂತರು. ಬೀಟು ನಿಲ್ಲಲಿಲ್ಲ.

ಅಜ್ಜಿ ಹೊರಟ ಮೇಲೆ ಮಂಜಣ್ಣ ಮತ್ತೆ ಹಾಡು ಎತ್ತಿಕೊಂಡಾಗ ಅವರೂ ಬೀಟೂ ಕಿರುಸೇತುವೆಯ ಮೇಲೆ ಎದುರುಬದುರಾದ ಎರಡು ಬಸ್ಸುಗಳ ಹಾಗಾದರು. ಕುಣಿಯುತ್ತಿದ್ದ ಹುಡುಗರು ಮುಗ್ಗರಿಸಿ ನಕ್ಕರು. ಯಾರೋ ವಿಡಿಯೊ ಮಾಡಿದರು. ರಘು ಅಪ್ಪನ ಮೈಕಿನ ಸದ್ದನ್ನು ಪೂರ್ತಿ ಇಳಿಸಿಬಿಟ್ಟ. ಅಪ್ಪ ತಿರುಗಿ ನೋಡಿದರು, ಊದುವುದನ್ನು ಬಿಡಲಿಲ್ಲ. ಮೈಕಿಲ್ಲದಿದ್ದರೂ ಟ್ರಂಪೆಟ್ಟು ಟ್ರಂಪೆಟ್ಟೇ. ಅಜ್ಜಿ ವೇದಿಕೆ ಹತ್ತುವವರೆಗೂ ಅದು ಬೀಟಿನ ಅಡಿಯಿಂದ ಕೇಳುತ್ತಲೇ ಇತ್ತು.

ಹಿಂದಿರುಗುವ ವ್ಯಾನಿನಲ್ಲಿ, ಕೇಳಲೆಂದು ಜೊತೆಗೆ ಹೋಗಿದ್ದ ನಾನು ಸ್ಪೀಕರುಗಳ ನಡುವೆ ಸಿಕ್ಕಿಕೊಂಡು ಕೂತಿದ್ದೆ.

“ಬೀಟ್ ಕೇಳ್ಕಂಡು ಊದ್ಬೇಕಿತ್ತು ಅಪ್ಪ.”

“ಅಜ್ಜಿ ನಿಂತಿದ್ರಲ್ಲ.”

“ಅಜ್ಜಿ ನಿಲ್ತಾರೆ, ಬೀಟ್ ನಿಲ್ಲಲ್ಲ.”

“ಯಾಕೆ, ನಿಂಗೆ ಬೆರಳಿಲ್ವಾ ನಿಲ್ಸೋಕೆ? ನನ್ನ ಮೈಕ್ ಆರ್ಸೋಕೆ ಇತ್ತಲ್ಲ?” ಎಂದವರು ನನ್ನ ಕಡೆ ತಿರುಗಿ, “ಲಾಯರಮ್ಮ, ಬಾಯಿ ಮುಚ್ಕಂಡು ಕೂತಿದೀಯಲ್ಲ. ನೀನೇ ಹೇಳು” ಎಂದರು.

ಚೀಟಿ ಎತ್ತದೆ ಮಾತಾಡಿ ನನಗೆ ರೂಢಿಯಿಲ್ಲ. ಅಜ್ಜಿಗಾಗಿ ನಿಂತವರು ತಾಳ ತಪ್ಪಿದವರು ಹೇಗಾಗುತ್ತಾರೆ, ಕಾಯದೇ ಹೋದದ್ದಲ್ಲವೇ ತಪ್ಪಿದ್ದು ಎನ್ನಬಹುದು. ಹೀಗೆಂದರೆ ಚಪ್ಪಾಳೆ ಖಂಡಿತ. ಆದರೆ ಆ ಬೀಟಿನ ಮೇಲೆ ಕಾಲಿಟ್ಟು ಕುಣಿಯುತ್ತಿದ್ದವರೂ ಮನುಷ್ಯರೇ. ಅಜ್ಜಿಯ ಒಂದು ಉಸಿರಿಗೆ ಅವರೆಲ್ಲರೂ ಎಡವಬೇಕೆ? ಮಂಜಣ್ಣನೇನು ಸಂತರೂ ಅಲ್ಲ. ಎದುರಾಳಿ ಬ್ಯಾಂಡಿನವರ ಬೀದಿಯಲ್ಲಿ ದಿಬ್ಬಣವನ್ನೇ ತಡೆದು ನಿಲ್ಲಿಸಿ ಹಾಡು ಎಳೆದದ್ದನ್ನು ಅವರ ಬಾಯಿಂದಲೇ ಕೇಳಿದ್ದೇನೆ. ಅಲ್ಲಿ ಯಾವ ಅಜ್ಜಿಯೂ ನಿಂತಿರಲಿಲ್ಲ.

ಹಳೆಯ ಕುಂಬಿಯಾ ವಾದ್ಯದವರೂ ಹೀಗೆಯೇ, ಮೈ ಬಿಸಿಯಾದ ಹಾಗೆ ತಾಳ ಓಡಿಸುತ್ತಾರೆ ಎಂದು ರಘುವೇ ಒಮ್ಮೆ ಹೇಳಿದ್ದ. ಕಂಪ್ಯೂಟರಿನಲ್ಲಿ ಅವರನ್ನು ಹಿಗ್ಗಿಸಿ ಕುಗ್ಗಿಸಿ ಗೆರೆಗೆ ತಂದರೆ ಮಾತ್ರ ಬೀಟು ಕೂರುತ್ತದಂತೆ. ಅಂದರೆ ಅಲ್ಲಿಯ ಯಾರೋ ಒಬ್ಬ ಮಂಜಣ್ಣನನ್ನು ಇವನು ಆಗಲೇ ನೆಟ್ಟಗೆ ಮಾಡಿದ್ದಾನೆ. ನೆಟ್ಟಗೆ ಮಾಡದ ಹಾಡನ್ನು ಹಾಕಿಸಿ ಕೇಳಿದೆ. ನನ್ನ ಕಾಲು ಕುಣಿಯಿತು. ಈಗ ವಾದ ಗೆದ್ದೆ ಎಂದುಕೊಂಡು ನೆಟ್ಟಗಾದದ್ದನ್ನೂ ಕೇಳಿದೆ. ಅದಕ್ಕೂ ಕುಣಿಯಿತು. ಕಾಲಿಗೆ ಪಕ್ಷನಿಷ್ಠೆ ಎಂಬುದೇ ಇಲ್ಲ. ನಾಲಿಗೆಗೆ ಇಲ್ಲದ್ದು ಕಾಲಿಗೆ ಎಲ್ಲಿಂದ ಬರಬೇಕು?

ಈಗ ಹೊಸನಗರದ ಒಂದು ಮನೆಯವರು ತಮ್ಮ ಮದುವೆಗೆ ರಘುವನ್ನು ಕೇಳಿದ್ದಾರೆ. ವಿಡಿಯೊ ನೋಡಿದವರೇ. “ನಿಮ್ಮಪ್ಪ ಬಂದ್ರೂ ಸರಿ, ಬರ್ದಿದ್ರೂ ಸರಿ. ಆವತ್ತಿನ ಹಾಗೆ ಆಗ್ಬಾರ್ದು ಅಷ್ಟೆ” ಎಂದಿದ್ದಾರಂತೆ. ಮಂಜಣ್ಣ ಕೋಟು ಇಸ್ತ್ರಿ ಮಾಡಿಸಿಟ್ಟು, ಕರೆಯದೆ ಬರುವುದಿಲ್ಲ ಎನ್ನುತ್ತಾರೆ. ಅಪ್ಪನನ್ನು ಕರೆಯುವುದೇನು ಬಂತು ಎಂದು ರಘು. ಮನೆಯಲ್ಲಿ ಉಪ್ಪಿನಕಾಯಿಯೂ ನಿಂತಿದೆಯಂತೆ, ಇಬ್ಬರೂ ಬೇರೆ ಬೇರೆ ಹೊತ್ತಿಗೆ ಉಣ್ಣುತ್ತಾರೆ. ಈ ಸಲ ಟ್ರಂಪೆಟ್ಟು ಗೋಡೆಗೆ ಹೋದರೆ ಮತ್ತೆ ಇಳಿಯುವುದಿಲ್ಲ ಎಂಬುದು ಇಬ್ಬರಿಗೂ ಗೊತ್ತು.

ನಿನ್ನೆ ಸಂಜೆ ರಘು ಜಗಲಿಯಲ್ಲಿ ಹೊಸ ಬೀಟು ಕೂರಿಸುತ್ತಿದ್ದ. ತೀರ್ಪು ಹೇಳಲೆಂದೇ ಹೋದವಳು ನಾನು. ದಾಟುವಾಗ ಬೀದಿಯಲ್ಲಿ ಇದ್ದ ತೀರ್ಪು ಅವರ ಮೆಟ್ಟಿಲು ಹತ್ತುವಷ್ಟರಲ್ಲಿ ಇರಲಿಲ್ಲ. ಕೊನೆಗೆ ಅವನ ಕಿವಿಯ ಹೆಡ್‌ಫೋನು ಸರಿಸಿ ಕೇಳಿದೆ:

“ಹೊಸನಗರದಲ್ಲೂ ಯಾರಾದ್ರೂ ನಡುದಾರೀಲಿ ಉಸಿರು ತಗೊಳ್ಳೋಕೆ ನಿಂತ್ರೆ, ನಿನ್ನ ಬೆರಳು ಯಾವ ಗುಂಡಿ ಮೇಲೆ ಹೋಗುತ್ತೆ ರಘು, ಬೀಟಿಂದಾ, ಅಪ್ಪಂದಾ?”