ಒಂದೂವರೆ ರೀಡರು

ರೀಡರ್ ಅಂದರೆ ಇಂಗ್ಲಿಷ್ ಪಾಠದ ಪುಸ್ತಕ. ಈಗ ಯಾರೂ ಹಾಗೆ ಅನ್ನುವುದಿಲ್ಲ. ವರ್ತೂರಿನ ಪಿಳ್ಳಮ್ಮ ಮಾತ್ರ ಇವತ್ತಿಗೂ ಅನ್ನುತ್ತಾಳೆ, ಗಣಿತದ ಪುಸ್ತಕಕ್ಕೂ ಅನ್ನುತ್ತಾಳೆ. ಅವಳು ಹುಡುಗಿಯಾಗಿದ್ದಾಗ ಊರಿನಲ್ಲಿ ಓದನ್ನು ಅಳೆಯುತ್ತಿದ್ದದ್ದೇ ಆ ಮಾತಿನಿಂದ. ಯಾವ ಕ್ಲಾಸು ಅಂತ ಯಾರೂ ಕೇಳುತ್ತಿರಲಿಲ್ಲ. ಎಷ್ಟನೇ ರೀಡರು ಅಂತ ಕೇಳುತ್ತಿದ್ದರು. ಮೂರನೇ ರೀಡರು ಮುಗಿಸಿದವನಿಗೆ ಹೆಣ್ಣು ಕೊಡಲು ಜನ ತಾವಾಗಿಯೇ ಮನೆ ಹುಡುಕಿಕೊಂಡು ಬರುತ್ತಿದ್ದರು.

ಪುಸ್ತಕವನ್ನು ಎಲ್ಲರೂ ಕೊಳ್ಳುತ್ತಿರಲಿಲ್ಲ. ಪಾಸಾದವರು ಮೊದಲ ಪುಟದಲ್ಲಿ ತಮ್ಮ ಹೆಸರಿನ ಮೇಲೆ ಗೀಟು ಹೊಡೆದು ಕೆಳಗಿನ ಕ್ಲಾಸಿನವರಿಗೆ ದಾಟಿಸಬೇಕು. ಅದು ಬೀದಿಯ ಕಟ್ಟುಪಾಡು. ಪಿಳ್ಳಮ್ಮನಿಗೆ ಎರಡನೇ ರೀಡರು ಬಂದದ್ದೂ ಹಾಗೆಯೇ. ಗೀಟು ಬಿದ್ದ ಹೆಸರುಗಳ ಕೆಳಗೆ ತನ್ನ ಹೆಸರು ಬರೆದಿದ್ದಳು. ಅದೇ ಕ್ಲಾಸಿನಲ್ಲಿ ಡುಮ್ಕಿ ಹೊಡೆದು ಕೂತಿದ್ದ ಅಣ್ಣ ನಲ್ಲಪ್ಪ ವರ್ಷದ ನಡುವೆ ತನ್ನ ಪುಸ್ತಕವನ್ನು ಕೆರೆ ಏರಿ ಮೇಲೆಲ್ಲೋ ಕಳೆದುಕೊಂಡು ಬಂದ. ಅಪ್ಪ ಅವಳ ಕೈಯಿಂದ ಕಿತ್ತು ಅವನಿಗೆ ಕೊಟ್ಟ. ನಲ್ಲಪ್ಪ ಅವಳ ಹೆಸರಿನ ಮೇಲೆ ಕಾಗದ ತೂತು ಬೀಳುವಂತೆ ಗೀಟು ಹೊಡೆದ. ಒಂದೂವರೆ ರೀಡರಿಗೆ ಅವಳ ಓದು ನಿಂತಿತು.

ಈಗ ಅವಳು ಒಂದು ಇಂಟರ್‌ನ್ಯಾಷನಲ್ ಸ್ಕೂಲಿನಲ್ಲಿ ಆಯಾ. ಮನೆಯ ಹಿಂದೆ ಶೀಟಿನ ಕೋಣೆಗಳಿವೆ, ಬಾಡಿಗೆ ಬರುತ್ತದೆ. ಅದು ಸೊಸೆಯ ಕೈ ಸೇರುವುದರಿಂದ, ಅವಳ ಮುಂದೆ ಕೈಯೊಡ್ಡಲಾರದೆ ದುಡಿಯುತ್ತಾಳೆ. ಒಂದು ಕೋಣೆಯಲ್ಲಿ ಯಾದಗಿರಿ ಕಡೆಯ ಹನುಮವ್ವ ಇದ್ದಾಳೆ. ಅದೇ ಸ್ಕೂಲಿನಲ್ಲಿ ಕಸ ಗುಡಿಸುವ ಕೆಲಸವನ್ನು ಅವಳಿಗೆ ಕೊಡಿಸಿದ್ದೂ ಪಿಳ್ಳಮ್ಮನೇ. ಹನುಮವ್ವನ ಮಗಳು ದಾನೇಶ್ವರಿ ಓದುವ ಸರ್ಕಾರಿ ಶಾಲೆಗೆ ಇಂಗ್ಲಿಷ್ ಪುಸ್ತಕ ಇನ್ನೂ ಬಂದಿರಲಿಲ್ಲ. ಹುಡುಗಿ ಅಕ್ಕಿ ಚೀಲದ ಮೇಲಿನ ಇಂಗ್ಲಿಷ್ ಓದಿಕೊಂಡಿದ್ದಳು.

ಈ ವರ್ಷ ಸ್ಕೂಲು ಪುಸ್ತಕಗಳನ್ನೆಲ್ಲ ಬದಲಾಯಿಸಿತು. ಮಕ್ಕಳು ಮುಟ್ಟದೇ ಇದ್ದ ಹಳೇ ಪುಸ್ತಕಗಳು ಕೋಣೆ ತುಂಬ ಬಿದ್ದಿದ್ದವು. ಆಫೀಸಿನ ವಿಶ್ವನಾಥ್ ಇಬ್ಬರನ್ನೂ ಕರೆದು, ಎಲ್ಲವನ್ನೂ ಹರಿದು ಗುಜರಿ ಚೀಲಕ್ಕೆ ತುಂಬಲು ಹೇಳಿದ. ಹರಿಯದೆ ಒಂದೂ ಆಚೆ ಹೋಗಕೂಡದು.

"ಯಾಕ್ ಸಾರ್, ರೀಡ್ರುಗಳು ಚೆನ್ನಾಗವಲ್ಲ," ಎಂದಳು ಪಿಳ್ಳಮ್ಮ.

"ಏನ್ಗಳು?"

"ರೀಡ್ರು ಸಾರ್. ಓದೋ ಬುಕ್ಕು."

ವಿಶ್ವನಾಥ್ ನಕ್ಕ. "ಯಾವ್ ಕಾಲದಲ್ಲಿದೀಯಮ್ಮ? ಇವು ಲರ್ನಿಂಗ್ ಕಿಟ್. ಹಳೇದು ಆಚೆ ಹೋದ್ರೆ ಹೊಸದನ್ನ ಯಾರ್ ತಗೋತಾರೆ?"

ಸುಲಿಗೆಯನ್ನು ಇಷ್ಟು ನೇರವಾಗಿ ಹೇಳುವವರು ಕಡಿಮೆ. ಪಿಳ್ಳಮ್ಮ ಇಂಗ್ಲಿಷಿನದೊಂದು ಎತ್ತಿಕೊಂಡಳು. "ಇದೊಂದು ಮಗೀಗೆ ತಕ್ಕೊಂಡೋಯ್ತೀನಿ."

"ಒಬ್ಬರಿಗೆ ಕೊಟ್ರೆ ಊರೆಲ್ಲ ಬರುತ್ತೆ. ಹರಿ ಅಂದ್ನಲ್ಲ."

"ನೀವೇ ಹರೀರಿ. ಓದಿರೋ ಕೈ ನಿಮ್ದು."

ಹರಿದೇಬಿಟ್ಟ. ದಪ್ಪ ಪುಸ್ತಕ; ಒಂದೇ ಸಲಕ್ಕೆ ಆಗದೆ ಕಂತು ಕಂತಾಗಿ, ಹಲ್ಲು ಕಚ್ಚಿ ಅಡ್ಡಡ್ಡ ಹರಿದ. "ನಾಳೆಯಿಂದ ಬರ್ಬೇಡ ನೀನು."

"ನೀನ್ ಕರುದ್ರೂ ಬರಾಕಿಲ್ಲ." ಬಾಗಿಲಲ್ಲಿ ನಿಂತು ಹನುಮವ್ವನ ಕಡೆ ತಿರುಗಿದಳು. ಅವಳು ತಲೆ ಎತ್ತದೆ ಹರಿಯುತ್ತಲೇ ಇದ್ದಳು. "ನಿನ್ ಮಗ್ಳು ಓದೋದ್ ಕಣೇ ಅದು. ಎಂಗೇ ಬತ್ತದೆ ನಿಂಗೆ ಕೈ?"

"ನಿಮಗ ತಿಂಗಳಾದ್ರ ಬಾಡಿಗಿ ಬರ್ತದ, ಯಕ್ಕಾ," ಎಂದಳು ಹನುಮವ್ವ ಮೆಲ್ಲಗೆ. "ಆ ಬಾಡಿಗಿ ನಾ ಇಲ್ಲಿ ದುಡದು ಕೊಡಬೇಕು."

ಪಿಳ್ಳಮ್ಮ ಸರಸರ ಗೇಟು ದಾಟಿದಳು. ಕೆರೆಯ ಗಬ್ಬು ನಾತದಲ್ಲಿ ಮನೆಯವರೆಗೂ ವಿಶ್ವನಾಥನನ್ನು ಬೈದಳು, ಹನುಮವ್ವನನ್ನು ಬೈದಳು, ಸತ್ತ ಅಪ್ಪನನ್ನೂ ಬಿಡಲಿಲ್ಲ. ಬೈದಷ್ಟೂ ಆ ಬಾಡಿಗೆಯ ಮಾತು ಎದೆಯಲ್ಲಿ ಮುಳ್ಳಿನಂತೆ ಆಡುತ್ತಲೇ ಇತ್ತು.

ಸಂಜೆ ಹನುಮವ್ವ ಸಿಮೆಂಟಿನ ಚೀಲವೊಂದನ್ನು ತಂದು ಪಿಳ್ಳಮ್ಮನ ಜಗಲಿ ಮೇಲೆ ಸುರಿದಳು. ಪುಸ್ತಕದ ತುಂಡುಗಳು. ಆದರೆ ಒಂದು ಹಾಳೆಯೂ ಹರಿದಿರಲಿಲ್ಲ. ಬೆನ್ನಿನ ಹೊಲಿಗೆ ಮಾತ್ರ ಬಿಚ್ಚಿತ್ತು.

"ಸಾಹೇಬ ಇರೂತನಕ ಅಡ್ಡ ಹರದೆ. ಅವ ಫೋನ್ ಹಿಡ್ಕೊಂಡು ಹೊರಗ ಹೋದ ಮ್ಯಾಲ ಬೆನ್ನಷ್ಟ ಸೀಳಿದೆ. ಒಲಿ ಹಚ್ಚಾಕ ಅಂದೆ, ವಾಚ್‌ಮನ್ ಬಿಟ್ಟ. ಹೊಲದ್ರ ಪುಸ್ತಕ ಆಗ್ತದ."

"ಆಗ್ಲೇ ಯೋಳ್ಬಾರ್ದಾಗಿತ್ತೇನೇ?"

"ನೀವು ಒದರಾಕತ್ತಿದ್ರಿ. ಯಾವಾಗ ಹೇಳ್ಲಿ?"

ಪಿಳ್ಳಮ್ಮ ದಬ್ಬಳ, ಗೋಣಿ ದಾರ ತಂದಳು. ಸಿಟ್ಟೇನೂ ಇಳಿದಿರಲಿಲ್ಲ. ಹೊಚ್ಚ ಹೊಸ ಪುಸ್ತಕವನ್ನು ಸೀಳಿ, ಕದ್ದು ತಂದು, ಚೀಲ ಹೊಲಿಯುವ ದಾರದಲ್ಲಿ ಹೊಲಿದು ಓದಬೇಕು, ಇಂಥ ಗತಿಗೆ ಯಾರೂ ಹಿಗ್ಗಬೇಕಾಗಿಲ್ಲ. ದಾನೇಶ್ವರಿ ಪುಟದ ಸಂಖ್ಯೆ ನೋಡಿ ತುಂಡುಗಳನ್ನು ಜೋಡಿಸಿ ಹಿಡಿದಳು. ದಬ್ಬಳ ಒಂದೊಂದಾಗಿ ತೂರಿತು.

"ನಾಳಿಗೆ ಹರಿಯಾಕ ಇನ್ನೊಂದ್ ಕೋಣಿ ಪುಸ್ತಕ ಅದಾವ," ಎಂದಳು ಹನುಮವ್ವ.

"ಬಿಟ್ಟು ಬಂದು ಕೆಟ್ಟೆ ಕಣೇ. ಇಬ್ರಿದ್ದಿದ್ರೆ ಜಾಸ್ತಿ ಸೀಳ್ಬೋದಿತ್ತು." ಪಿಳ್ಳಮ್ಮ ದಾರವನ್ನು ಹಲ್ಲಿನಲ್ಲಿ ಕತ್ತರಿಸಿದಳು. "ನೀನ್ ಸೀಳ್ಕೊಂಡ್ ಬಾ. ನಾನ್ ಇಲ್ಲಿ ಒಲೀತೀನಿ."

ದಾನೇಶ್ವರಿ ಪೆನ್ನು ತೆಗೆದಳು. "ಅಜ್ಜಿ, ಹೆಸರ ಬರೀಲಿ?"

"ಬರಿ. ಮುಗುಸ್ದಾಗ ನೀನೇ ಗೀಟೊಡ್ದು ಪಕ್ಕದ್ಮನೆ ಮಗೀಗೆ ಕೊಡು," ಎಂದಳು ಪಿಳ್ಳಮ್ಮ. "ಅದ್ಕೂ ಮುಂಚೆ ಬೇರೆ ಯಾವನಾರ ಗೀಟೊಡ್ಯಾಕ್ ಬಂದ್ರೆ, ಅವನ ಕೈ ಮುರಿ."