ಅತ್ತೆ ಊರು ನೋಡಿದ್ದು

ಬಂದರಿನ ಹಳೆಯ ಕೋಟೆಗೆ ಬೆನ್ನು ಕೊಟ್ಟು ನಿಂತ ಆ ಲಾಡ್ಜಿನಲ್ಲಿ ಆಕೆಯನ್ನು ಎಲ್ಲರೂ ‘ಅತ್ತೆ’ ಎಂದೇ ಕರೆಯುತ್ತಿದ್ದರು. ಸೊಸೆ ಕರೆಯುವುದನ್ನು ಕೇಳಿ ಕೇಳಿ ಮಾಲೀಕನಿಗೂ ಅದೇ ರೂಢಿಯಾಗಿತ್ತು. ಗಂಡ ತೀರಿಕೊಂಡ ಮೇಲೆ ಕೈಗೂಸನ್ನು ಎತ್ತಿಕೊಂಡು ಇಲ್ಲಿಗೆ ಬಂದವಳು; ಪ್ರವಾಸಿಗರು ಮಲಗೆದ್ದ ಹಾಸು ಹೊದಿಕೆಗಳನ್ನು ಒಗೆಯುತ್ತಲೇ ಮಗನನ್ನು ಬೆಳೆಸಿ ಮದುವೆ ಮಾಡಿದಳು. ಸೊಸೆಯೂ ಬಂದು ಜೊತೆಗೆ ಒಗೆಯಲು ನಿಂತಳು. ಹಗಲೆಲ್ಲ ಹಿತ್ತಿಲ ತೊಟ್ಟಿ, ಸೋಪಿನ ನೊರೆ, ಮಹಡಿಯ ಹಗ್ಗ. ಈ ಊರು ನೋಡಲು ಎಲ್ಲೆಲ್ಲಿಂದಲೋ ಜನ ಬರುತ್ತಿದ್ದರು. ಅತ್ತೆ ಮಾತ್ರ ಮಾರ್ಕೆಟ್ಟಿನಿಂದಾಚೆ ಕಾಲಿಟ್ಟವಳಲ್ಲ.

ಒಂದು ಸಲ ಬಿರುಗಾಳಿಯ ಸುದ್ದಿಗೆ ಹೆದರಿ ಯಾರೂ ಬರಲಿಲ್ಲ. ಗಾಳಿ ಬೇರೆ ದಿಕ್ಕು ಹಿಡಿಯಿತು. ಆಕಾಶ ತೊಳೆದಿಟ್ಟ ಹಾಗಿತ್ತು, ಒಗೆಯಲು ಒಂದು ದಿಂಬಿನ ಚೀಲವೂ ಇರಲಿಲ್ಲ.

“ಅತ್ತೆ, ಒಳ್ಳೆ ಬಟ್ಟೆ ಹಾಕ್ಕೊಳ್ಳಿ,” ಎಂದಳು ಸೊಸೆ. “ ದೋಣೀಲಿ ಊರು ನೋಡ್ಕೊಂಡು ಬರೋಣ.”

“ತಲೆ ನೆಟ್ಟಗಿದ್ಯಾ ನಿಂಗೆ? ಈ ವಯಸ್ಸಲ್ಲಿ ಯಾವ ಊರು ನೋಡ್ಲಿ?”

“ಇದೇ ಊರು.”

ದೋಣಿಯವನು ಹೊಸಬ. ಅತ್ತೆಯ ಕೈ ಹಿಡಿದು ಕೂರಿಸುತ್ತ, “ಯಾವೂರಿಂದ ಬಂದ್ರಿ ಅಜ್ಜಿ?” ಎಂದ.

“ಬಹಳ ದೂರದಿಂದಪ್ಪ,” ಎಂದಳು ಅತ್ತೆ, ಮುಖದ ಒಂದು ಗೆರೆಯೂ ಕದಲದಂತೆ. ಸೊಸೆ ಬಾಯಿಗೆ ಕೈ ಅಡ್ಡ ಹಿಡಿದು ನಗು ನುಂಗಿಕೊಂಡಳು.

ದೋಣಿ ಕೋಟೆಯ ಗೋಡೆ ಬಳಸಿ, ಉಪ್ಪುನೀರಿನಲ್ಲೇ ಬೆಳೆಯುವ ಕಾಂಡ್ಲಾ ಗಿಡಗಳ ನಡುವೆ ಸಾಗಿತು. ನೀರಿನಿಂದೆದ್ದ ಬೇರುಗಳ ಮೇಲೆ ಕೆಂಪು ಏಡಿಗಳು ಓಡಾಡುತ್ತಿದ್ದವು. ಅತ್ತೆ ಮೆಲ್ಲಗೆ ನೀರಿಗೆ ಕೈ ಇಳಿಬಿಟ್ಟಳು.

“ಕೆಲಸ ಇಲ್ದೆ ಸುಮ್ನೆ ನೀರಲ್ಲಿ ಕೈ ಇಟ್ಟು ಎಷ್ಟು ಕಾಲ ಆಯ್ತೇ,” ಎಂದಳು. ಸೊಸೆ ತಾನೂ ಪಕ್ಕದಲ್ಲಿ ಕೈ ಇಳಿಬಿಟ್ಟಳು.

ಹಿಂದಿರುಗುವಾಗ ದೋಣಿಯವನು ದಡದತ್ತ ಬೆರಳು ಮಾಡಿದ. “ಅದು ಹಳೇ ಸುಂಕದ ಕಟ್ಟೆ. ಪಕ್ಕದಲ್ಲಿರೋದು ಲಾಡ್ಜು. ಹಾಸಿಗೆ ಬಲು ಚೊಕ್ಕಟ ಅಂತಾರೆ ಬಂದವ್ರೆಲ್ಲ. ಉಳ್ಕೊಳ್ಳೋದಾದ್ರೆ ಅಲ್ಲೇ ಉಳ್ಕೊಳ್ಳಿ ಅಜ್ಜಿ.”

ಅತ್ತೆ ಮಹಡಿಯ ಖಾಲಿ ಹಗ್ಗಗಳನ್ನೇ ನೋಡುತ್ತ ಕೂತಳು. ಕಣ್ಣು ತುಂಬಿ ಬಂತು.

“ಆಗ್ಲಪ್ಪ. ನೀನು ಹೇಳಿದ್ಮೇಲೆ ಅಲ್ಲೇ ಇರ್ತೀವಿ.”

ಅಂದಿನಿಂದ ಆಕೆಗೆ ತಿರುಗಾಟದ ಹುಚ್ಚು ಹತ್ತಿತು. ಕೆಲಸ ಕಡಿಮೆಯಾದರೆ ಸಾಕು, ತಾನೇ ಮೊದಲು ಚಪ್ಪಲಿ ಮೆಟ್ಟಿ ನಿಲ್ಲುತ್ತಿದ್ದಳು. ಹಾಗೇ ಒಮ್ಮೆ ದೀಪಸ್ತಂಭಕ್ಕೆ ಹೋದಾಗ ಮೆಟ್ಟಿಲು ಹತ್ತಲು ಮಂಡಿ ಒಪ್ಪಲಿಲ್ಲ. ಸೊಸೆಯನ್ನೇ ಮೇಲೆ ಕಳಿಸಿ, ಕೆಳಗೆ ಕಲ್ಲಿನ ಮೇಲೆ ಕೂತು ಕಾದಳು.

“ಏನು ಕಂಡ್ತು?” ಎಂದು ಕೇಳಿದಳು, ಸೊಸೆ ಏದುಸಿರು ಬಿಡುತ್ತ ಇಳಿದು ಬಂದಾಗ.

“ಬರೀ ನೀರು ಅತ್ತೆ. ಎಷ್ಟು ದೂರ ನೋಡಿದ್ರೂ ನೀರು.”

“ಹಾಗೆ ಒಂದೇ ಮಾತಲ್ಲಿ ಮುಗಿಸ್ಬೇಡ ಕಣೇ,” ಅತ್ತೆ ಸರಿದು ಜಾಗ ಮಾಡಿಕೊಟ್ಟಳು. “ಕೂತ್ಕೋ. ನಿಧಾನಕ್ಕೆ ಹೇಳು.”